5 ಕೆಜಿ ಅಲ್ಯೂಮಿನಿಯಂ ಕರಗಿಸೋಕೆ ಎಷ್ಟು ಯೂನಿಟ್ ಬೇಕು? ನನ್ನ ಲೆಕ್ಕಕ್ಕೂ ಮೀಟರ್‌ಗೂ ತಾಳೆನೇ ಆಗ್ತಿಲ್ಲ

ಕುಲುಮೆಪ್ರಿಯ
ಎಲ್ರಿಗೂ ನಮಸ್ಕಾರ. ಮನೆ ಹಿಂದಿನ ಶೆಡ್‌ನಲ್ಲಿ ಒಂದು ಚಿಕ್ಕ ಕರೆಂಟ್ ಫರ್ನೇಸ್ ಕಟ್ಕೊಂಡಿದೀನಿ. 3 ಕಿಲೋವ್ಯಾಟ್ ಕಾಯಿಲ್, ಸುತ್ತ ಫೈರ್ ಬ್ರಿಕ್ಸ್, ಒಳಗೆ ಗ್ರಾಫೈಟ್ ಮೂಸೆ (ಲೋಹ ಕರಗಿಸೋ ಪಾತ್ರೆ). ಗುಜರಿಯಿಂದ ಹಳೆ ಅಲ್ಯೂಮಿನಿಯಂ ವೈರ್ ತಂದು ಕರಗಿಸಿ ಪುಲ್ಲಿ, ಗೇಟಿಗೆ ಹಾಕೋ ಹೂವು ಅಂತ ಸಣ್ಣಪುಟ್ಟ ಎರಕ ಹೊಯ್ತೀನಿ. ಈಗ ಪಕ್ಕದ ಬೀದಿಯವ್ರು ಆರ್ಡರ್ ಕೊಡ್ತೀನಿ ಅಂತಿದಾರೆ, ರೇಟ್ ಹೇಳ್ಬೇಕಲ್ಲ, ಅದಕ್ಕೆ ಕರೆಂಟ್ ಖರ್ಚು ಲೆಕ್ಕ ಹಾಕೋಕೆ ಕೂತೆ. ಕಾಲೇಜಲ್ಲಿ ಓದಿದ್ದು ಎಂ ಸಿ ಡೆಲ್ಟಾ ಟಿ, ಅಂದ್ರೆ ತೂಕ × ಸ್ಪೆಸಿಫಿಕ್ ಹೀಟ್ (1 ಕೆಜಿ ಒಂದು ಡಿಗ್ರಿ ಏರೋಕೆ ಬೇಕಾದ ಶಾಖ) × ಏರಿದ ಡಿಗ್ರಿ. 5 ಕೆಜಿ × 0.9 × 635 ಡಿಗ್ರಿ (25ರಿಂದ 660ಕ್ಕೆ) = 2857 ಕಿಲೋಜೂಲ್. ಒಂದು ಯೂನಿಟ್ ಅಂದ್ರೆ 3600 ಕಿಲೋಜೂಲ್, ಅದರಿಂದ ಭಾಗಿಸಿದ್ರೆ 0.79 ಯೂನಿಟ್. ಒಂದು ಯೂನಿಟ್ಟೂ ಇಲ್ಲ ಅಂತ ಖುಷಿಯಾಯ್ತು. ಆದ್ರೆ ಸಬ್‌ಮೀಟರ್ ನೋಡಿದ್ರೆ 4.5 ಯೂನಿಟ್ ಓಡಿದೆ, ಟೈಮೂ ಒಂದೂವರೆ ಗಂಟೆ ಹಿಡೀತು. ಇನ್ನೊಂದು ವಿಚಿತ್ರ ಏನಂದ್ರೆ ಥರ್ಮೋಕಪಲ್ (ಕಾವು ಅಳೆಯೋ ತಂತಿ) ರೀಡಿಂಗ್ 660 ಹತ್ರ ಬಂದು ಸುಮಾರು 20 ನಿಮಿಷ ಅಲ್ಲೇ ನಿಂತ್ಬಿಡ್ತು, ಕಾಯಿಲ್ ಹೋಯ್ತು ಅನ್ಕೊಂಡೆ, ನೋಡಿದ್ರೆ ಕೆಂಪಗೆ ಉರೀತಾನೇ ಇದೆ. ಯಾರಾದ್ರೂ ಬಿಡಿಸಿ ಹೇಳ್ತೀರಾ?

ಸುಮ್ನೆ_ಓದೋನು
ಮೀಟರ್ ಫಾಸ್ಟ್ ಓಡ್ತಿದೆ ಗುರು. ಕಂಪ್ಲೇಂಟ್ ಕೊಡಿ.

ರಾತ್ರಿಪಾಳಿ
ಮೀಟರ್ ಮೇಲೆ ಯಾಕಪ್ಪ ಗೂಬೆ ಕೂರಿಸ್ತೀರಾ. 3 ಕಿಲೋವ್ಯಾಟ್ ಕಾಯಿಲ್ ಒಂದೂವರೆ ಗಂಟೆ ಉರಿದ್ರೆ 4.5 ಯೂನಿಟ್ಟೇ ಆಗೋದು. ಮೀಟರ್ ಸರಿಯಾಗೇ ಇದೆ, ಲೆಕ್ಕದಲ್ಲಿ ಅರ್ಧ ಬಿಟ್ಟುಹೋಗಿದೆ.

ಫಿಸಿಕ್ಸ್_ಮೇಷ್ಟ್ರು
ಆ 20 ನಿಮಿಷದಲ್ಲೇ ನಿಮ್ಮ ಉತ್ತರ ಇದೆ ಸರ್. 660 ಡಿಗ್ರಿಗೆ ಬಂದ ತಕ್ಷಣ ಲೋಹ ನೀರಾಗಲ್ಲ. ಅಲ್ಲಿವರೆಗೆ ಕೊಟ್ಟ ಶಾಖ ಬರೀ ಬಿಸಿ ಮಾಡೋಕೆ ಹೋಯ್ತು. ಇನ್ನು ಗಟ್ಟಿ ಇರೋದು ದ್ರವ ಆಗೋಕೆ ಬೇರೆಯಾಗಿ ಶಾಖ ಕೊಡಬೇಕು, ಅದೇ ಗುಪ್ತೋಷ್ಣ, ಫಾರ್ಮುಲಾ ಎಂ ಇಂಟು ಎಲ್, ಅಂದ್ರೆ ತೂಕ ಇಂಟು ಗುಪ್ತೋಷ್ಣ. ಸಾಲಾಗಿ ಕೂತಿರೋ ಪರಮಾಣುಗಳ ಜೋಡಣೆ ಬಿಡಿಸೋಕೆ ಆ ಶಾಖ ಖರ್ಚಾಗುತ್ತೆ, ಅದಕ್ಕೇ ಅಷ್ಟು ಹೊತ್ತು ತಾಪಮಾನ ಏರಲ್ಲ. ಅಲ್ಯೂಮಿನಿಯಂಗೆ ಇದು ಕೆಜಿಗೆ 397 ಕಿಲೋಜೂಲ್. 5 ಕೆಜಿಗೆ 1985 ಕಿಲೋಜೂಲ್, ಅಂದ್ರೆ ಅರ್ಧ ಯೂನಿಟ್‌ಗಿಂತ ಜಾಸ್ತಿ. 1985ನ್ನ 1200 ಸೆಕೆಂಡಿಗೆ ಭಾಗಿಸಿ, 1.65 ಕಿಲೋವ್ಯಾಟ್ ಬರುತ್ತೆ. ಅಂದ್ರೆ ನಿಮ್ಮ 3 ಕಿಲೋವ್ಯಾಟಲ್ಲಿ ಆ ಹೊತ್ತಿಗೆ ಲೋಹದೊಳಗೆ ಹೋಗ್ತಿದ್ದಿದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ಮಿಕ್ಕಿದ್ದು ಗೋಡೆ ಮುಚ್ಚಳದ ಪಾಲು. ನಿಂತ ಮುಳ್ಳಿನಿಂದ್ಲೇ ಫರ್ನೇಸಿನ ಯೋಗ್ಯತೆ ಅಳೀಬಹುದು ನೋಡಿ, ನನ್ನ ಹುಡುಗರಿಗೆ ಈ ಉದಾಹರಣೆ ಕೊಡ್ತೀನಿ ಇನ್ಮೇಲೆ.

ಕುಲುಮೆಪ್ರಿಯ
ಓಹ್ ಸರಿ ಸರ್. ಹಾಗಾದ್ರೆ 2857 + 1985 = 4842, ಭಾಗಿಸಿದ್ರೆ 1.35 ಯೂನಿಟ್. ಇನ್ನೂ 4.5 ಆಗ್ಲಿಲ್ವಲ್ಲ.

ಬಿಇ_ಮುಗ್ಸಿದೋನು
0.9 ತಗೊಂಡಿದ್ದೇ ಸರಿಯಲ್ಲ. ಅದು ರೂಮ್ ಟೆಂಪರೇಚರ್‌ಗೆ ಇರೋ ಸ್ಪೆಸಿಫಿಕ್ ಹೀಟ್. ಬಿಸಿ ಆದಷ್ಟೂ ಅದು ಏರ್ತಾ ಹೋಗುತ್ತೆ, 600 ಡಿಗ್ರಿ ದಾಟೋ ಹೊತ್ತಿಗೆ 1.1ಕ್ಕೂ ಮೇಲೆ. 25ರಿಂದ 660ರವರೆಗೆ ಸರಾಸರಿ 1.05 ಅಂತ ಹಿಡೀಬೇಕು. ಆಮೇಲೆ ಸರಿಯಾಗಿ 660ಕ್ಕೆ ಯಾರೂ ಎರಕ ಹೊಯ್ಯಲ್ಲ, ಅಚ್ಚಿಗೆ ಹೋಗೋ ಮೊದ್ಲೇ ಗಟ್ಟಿ ಆಗ್ಬಿಡುತ್ತೆ, ಕನಿಷ್ಠ 720ಕ್ಕೆ ತಗೊಂಡು ಹೋಗ್ತೀರಿ. ಹಾಗಾಗಿ ಕೆಜಿಗೆ ಗಟ್ಟಿ ಇರೋವಾಗ 670, ಕರಗೋಕೆ 397, ದ್ರವ ಆದ್ಮೇಲೆ 60 ಡಿಗ್ರಿ × 1.18 = 71. ಒಟ್ಟು 1138 ಕಿಲೋಜೂಲ್. 5 ಕೆಜಿಗೆ 5690, ಅಂದ್ರೆ 1.58 ಯೂನಿಟ್. ಲೋಹಕ್ಕೆ ಬೇಕಾಗಿದ್ದು ಇಷ್ಟೇ. ಮಿಕ್ಕ ಸುಮಾರು 3 ಯೂನಿಟ್ ಎಲ್ಲೋಯ್ತು ಅನ್ನೋದು ಬೇರೆ ಪ್ರಶ್ನೆ.

ಸುಮ್ನೆ_ಓದೋನು
ಎಲ್ಲೋಗುತ್ತೆ, ಶೆಡ್ ಬಿಸಿ ಮಾಡೋಕೆ. ಮೈಸೂರಲ್ಲಿ ಇದ್ರೆ ಡಿಸೆಂಬರಲ್ಲಿ ಕರೀರಿ, ಬರ್ತೀನಿ.

ಉದ್ಯಮಬಾಗ_ಫೌಂಡ್ರಿ
ನಮ್ಮದು ಬೆಳಗಾವಿ ರೀ, ಉದ್ಯಮಬಾಗದಾಗ ಫೌಂಡ್ರಿ. ನಾವು ಕಾಸ್ಟ್ ಐರನ್ ಹೊಯ್ಯೂದು, ಇಂಡಕ್ಷನ್ ಫರ್ನೇಸ್. ಪುಸ್ತಕದ ಲೆಕ್ಕ ಹಿಡದ್ರ 1 ಟನ್ನಿಗೆ 1500 ಡಿಗ್ರಿಗೆ ಒಯ್ಯಾಕ ಸುಮಾರ 390 ಯೂನಿಟ್ ಸಾಕು. ಖರೇ ಅಂದ್ರ 600ರ ಆಜುಬಾಜು ಬೀಳತೈತಿ, ಕೆಲವೊಮ್ಮೆ ಅದಕ್ಕೂ ಮ್ಯಾಲೆ. ಒಮ್ಮಿಗೆ ಟನ್‌ಗಟ್ಟಲೆ ಕರಗಸೂ ಫರ್ನೇಸಿಗೇ ಹಿಂಗ ಅಂದ್ರ, 5 ಕೆಜಿದು ನಿಮ್ಮ ಡಬ್ಬಿ ಎಲ್ಲಿ ಲೆಕ್ಕರೀ. ಸೋಮವಾರ ಮುಂಜಾನೆದ ಮೊದಲನೇ ಹೀಟ್ (ಒಮ್ಮಿ ಕರಗಸೂದು) ಯಾವಾಗಲೂ ಹೆಚ್ಚಿಗಿ ತಿಂತೈತಿ, ಯಾಕಂದ್ರ ಆಯ್ತವಾರ ಪೂರಾ ಲೈನಿಂಗ್, ಅಂದ್ರ ಒಳಗಿನ ಗ್ವಾಡಿ, ತಣ್ಣಗಾಗಿರತೈತಿ. ಮೊದಲ ಅದರ ಹೊಟ್ಟಿ ತುಂಬಸಬೇಕು, ಆಮ್ಯಾಲೆ ಕಬ್ಬಿಣದ ಪಾಳಿ. ನಿಮ್ಮ ಮೂಸಿ ತೂಕ ಎಷ್ಟು, ಇಟ್ಟಂಗಿ ತೂಕ ಎಷ್ಟು, ಅದನ್ನ ಹೇಳ್ರಿ ಮೊದಲ.

ಕುಲುಮೆಪ್ರಿಯ
ಮೂಸೆ ಸುಮಾರು 3 ಕೆಜಿ. ಒಳಸುತ್ತಿನ ಇಟ್ಟಿಗೆ ಒಟ್ಟು 15 ಕೆಜಿ ಇರ್ಬಹುದು, ಮಾಮೂಲಿ ಭಾರದ ಫೈರ್ ಬ್ರಿಕ್.

ಬಿಇ_ಮುಗ್ಸಿದೋನು
ಹಾಗಾದ್ರೆ ಸಿಕ್ತು ಕಳ್ಳ. ಮೂಸೆ 3 × 1.2 × 700 = 2520 ಕಿಲೋಜೂಲ್, 0.7 ಯೂನಿಟ್. ಇಟ್ಟಿಗೆ ಒಳಮೈ 700 ದಾಟಿದ್ರೂ ಹೊರಮೈ ಅಷ್ಟಿರಲ್ಲ, ಸರಾಸರಿ 400 ಡಿಗ್ರಿ ಏರಿದೆ ಅಂತ ಇಟ್ಕೊಳ್ಳಿ, 15 × 1 × 400 = 6000 ಕಿಲೋಜೂಲ್, 1.67 ಯೂನಿಟ್. ಲೋಹಕ್ಕಿಂತ ಇಟ್ಟಿಗೆನೇ ಜಾಸ್ತಿ ತಿಂದಿದೆ! ಕೂಡ್ಸಿ: 1.58 + 0.7 + 1.67 = 3.95. ಉಳಿದ ಅರ್ಧ ಯೂನಿಟ್ ಮುಚ್ಚಳದ ಸಂದು, ಹೊರಗೋಡೆಯಿಂದ ಸೋರಿದ್ದು. ಒಂದೂವರೆ ಗಂಟೆಗೆ ಅಷ್ಟು ಸೋರಿಕೆ ಕಮ್ಮಿನೇ, ಮುಚ್ಚಳ ಚೆನ್ನಾಗೇ ಮಾಡಿದೀರಾ ಅಂತಾಯ್ತು.

ರಾತ್ರಿಪಾಳಿ
ಆ 400 ಅನ್ನೋದು ನಿಮ್ಮ ಊಹೆ. 4.5 ಬರ್ಲಿ ಅಂತ ಕೂರಿಸಿರೋ ಹಾಗಿದೆ.

ಬಿಇ_ಮುಗ್ಸಿದೋನು
ಊಹೆನೇ, ನಾನೇನು ಇಟ್ಟಿಗೆ ಕೊರೆದು ನೋಡಿಲ್ಲ. 300 ಹಾಕಿ, ಇಟ್ಟಿಗೆ ಪಾಲು 1.25 ಯೂನಿಟ್ ಆಗುತ್ತೆ, ಸೋರಿಕೆ ಪಾಲು ಒಂದಕ್ಕೆ ಹತ್ರ ಬರುತ್ತೆ. ಯಾವ ಕಡೆಯಿಂದ ಬಂದ್ರೂ 4.5ರಲ್ಲಿ ಲೋಹದ ಪಾಲು 1.58 ದಾಟಲ್ಲ, ಅಂದ್ರೆ ನೂರಕ್ಕೆ 35. ಮನೇಲಿ ಕಟ್ಟಿದ ಡಬ್ಬಿಗೆ ಇದು ಮೋಸ ಇಲ್ಲ.

ಉದ್ಯಮಬಾಗ_ಫೌಂಡ್ರಿ
ಹಂಗಾರ ಉಪಾಯ ಸುಲಭ ಐತ್ರಿ. ಒಂದ ಹೀಟ್ ಹೊಯ್ದು ಬಂದ್ ಮಾಡಬ್ಯಾಡ್ರಿ, ಬಿಸಿ ಇದ್ದಾಗ ಲಗೂನ ಎರಡನೇ ಚಾರ್ಜ್, ಅಂದ್ರ ಕರಗಸೂ ಮಾಲು, ಹಾಕ್ರಿ. ಮೂಸ್ಯಾಗ ತಳದಾಗ ಸ್ವಲ್ಪ ಕರಗಿದ್ದು ಬಿಟ್ರ ಇನ್ನೂ ಚಲೋ, ನಾವು ಅದಕ್ಕ ಹೀಲ್ ಅಂತೀವಿ, ಹೊಸ ಸ್ಕ್ರ್ಯಾಪ್ ಅದರೊಳಗ ಮುಳುಗಿದ್ರ ಕಾವು ಲಗೂನ ಹಿಡೀತೈತಿ. ಬರೇ ಒಣ ಚೂರು ಗಾಳ್ಯಾಗ ಕುಂತ್ರ ಒಂದಕ್ಕೊಂದು ತಾಗೂದು ತುದ್ಯಾಗಷ್ಟ, ಕಾವು ಹೋಗೂದು ತಡ. ಮತ್ತ ಆ ಭಾರದ ಇಟ್ಟಂಗಿ ತಗದು ಸೆರಾಮಿಕ್ ಬ್ಲಾಂಕೆಟ್ (ಕಾವು ತಡೆಯೂ ಹಗುರ ಹೊದಿಕಿ) ಹಚ್ರಿ, ತೂಕನ ಇರೂದಿಲ್ಲ ಅದು, ಕುಡಿಯಾಕ ಏನೂ ಉಳಿಯೂದಿಲ್ಲ. ಕತ್ತರಸೂ ಮುಂದ ಮಾಸ್ಕ್ ಹಾಕ್ಕೋರಿ, ಅದರ ಧೂಳ ಪುಪ್ಪಸಕ್ಕ ಕೆಟ್ಟದ್ದು.

ಗ್ಯಾಸೇ_ಗತಿ
ಕರೆಂಟ್ ಯಾಕೆ ಸ್ವಾಮಿ, ಗ್ಯಾಸಲ್ಲಿ ಮಾಡಿ. ಎಲ್‌ಪಿಜಿ ಕೆಜಿಗೆ 46 ಮೆಗಾಜೂಲ್. 5.7 ಮೆಗಾಜೂಲ್‌ಗೆ 125 ಗ್ರಾಂ ಗ್ಯಾಸ್ ಸಾಕು!

ರಾತ್ರಿಪಾಳಿ
@ಗ್ಯಾಸೇ_ಗತಿ ಮತ್ತೆ ಅದೇ ಕಥೆ. ಈಗ ತಾನೇ ಇಷ್ಟುದ್ದ ಬರೆದಿದ್ದು ಏನಕ್ಕೆ? ಗ್ಯಾಸ್ ಒಲೆಯಲ್ಲಿ ಬಿಸಿ ಹೊಗೆ 700 ಡಿಗ್ರಿಯಲ್ಲೇ ಹೊರಗೆ ಓಡಿ ಹೋಗುತ್ತೆ, ಅದರ ಜೊತೆ ಶಾಖನೂ. ಸಣ್ಣ ಗ್ಯಾಸ್ ಮೂಸೆ ಫರ್ನೇಸಲ್ಲಿ ಲೋಹಕ್ಕೆ ಸೇರೋದು ಹತ್ತು ಹದಿನೈದು ಪರ್ಸೆಂಟ್ ಅಷ್ಟೇ. 12 ಪರ್ಸೆಂಟ್ ಹಿಡಿದ್ರೆ 1 ಕೆಜಿ ಗ್ಯಾಸ್ ಬೇಕು. ಮತ್ತೆ ಮನೆ ಸಿಲಿಂಡರ್ ಇದಕ್ಕೆ ಹಾಕೋ ಹಾಗಿಲ್ಲ, 19 ಕೆಜಿ ಕಮರ್ಷಿಯಲ್ಲೇ ತಗೋಬೇಕು.

ಗ್ಯಾಸೇ_ಗತಿ
ಆದ್ರೂ ಬೇಗ ಆಗುತ್ತೆ. ಒಂದೂವರೆ ಗಂಟೆ ಕಾಯೋಕೆ ಯಾರಿಗೆ ಪುರುಸೊತ್ತು. 3 ಕಿಲೋವ್ಯಾಟಿಗೆ 3 ಕಿಲೋವ್ಯಾಟಷ್ಟೇ ಬರೋದು, ಬರ್ನರ್‌ದು 20 ಕಿಲೋವ್ಯಾಟ್ ಮಾಡ್ಕೋಬಹುದು.

ರಾತ್ರಿಪಾಳಿ
ಆ ಮಾತು ಒಪ್ಪಿದೆ. ಎಷ್ಟು ಶಾಖ ಬೇಕು ಅನ್ನೋದು ಒಂದು, ಎಷ್ಟು ಬೇಗ ಕೊಡಬಹುದು ಅನ್ನೋದು ಇನ್ನೊಂದು.

ಪತ್ತಾರ_ಗಲ್ಲಿ
ನಮ್ಮದು ಬಂಗಾರ ಕೆಲಸ. ಓದ್ತಾ ಓದ್ತಾ ಒಂದು ಡೌಟ್ ಬಂತು. ಬಂಗಾರ 1064 ಡಿಗ್ರಿಗೆ ಕರಗೋದು, ಅಲ್ಯೂಮಿನಿಯಂ 660. ಹಾಗಾದ್ರೆ ಬಂಗಾರಕ್ಕೇ ಜಾಸ್ತಿ ಶಾಖ ಬೇಕಲ್ವಾ? ಆದ್ರೆ ನಮ್ಮಪ್ಪ ಇದ್ದಿಲು ಮೇಲೆ ಮೂಸೆ ಇಟ್ಟು ಚಿಟಿಕೆ ಬಿಳಿಗಾರ ಹಾಕಿ ಊದುಗೊಳವೆಯಲ್ಲಿ ಬಾಯಿಂದ ಊದಿ ಊದಿ ಕರಗಿಸೋರು. ಮೊದಲು ಚೂರುಗಳು ಕೆಂಪಾಗಿ, ಅಂಚು ದುಂಡಗಾಗಿ, ಆಮೇಲೆ ಇದ್ದಕ್ಕಿದ್ದ ಹಾಗೆ ಎಲ್ಲ ಸೇರಿ ಒಂದೇ ಗುಂಡಿನ ಹಾಗೆ ಮೂಸೆಯಲ್ಲಿ ತಿರುಗೋಕೆ ಶುರುವಾಗುತ್ತೆ. ಬಾಯಿ ಗಾಳಿಯಿಂದ ಆಗೋ ಕೆಲಸಕ್ಕೆ ಇಲ್ಲಿ ಯೂನಿಟ್‌ಗಟ್ಟಲೆ ಕರೆಂಟ್ ಯಾಕೆ?

ಫಿಸಿಕ್ಸ್_ಮೇಷ್ಟ್ರು
ಒಳ್ಳೆ ಪ್ರಶ್ನೆ ಕೇಳಿದ್ರಿ. ಬಂಗಾರದ ಸ್ಪೆಸಿಫಿಕ್ ಹೀಟ್ ಕೆಜಿಗೆ 0.129, ಗುಪ್ತೋಷ್ಣ 64 ಅಷ್ಟೇ. 0.129 × 1040 = 134, ಅದಕ್ಕೆ 64 ಸೇರ್ಸಿ, ಕೆಜಿಗೆ 198 ಕಿಲೋಜೂಲ್. 10 ಗ್ರಾಂಗೆ ಬರೀ 2 ಕಿಲೋಜೂಲ್. ಒಂದು ಲೋಟ ನೀರಿಗೆ ಅಷ್ಟು ಶಾಖ ಕೊಟ್ರೆ 3 ಡಿಗ್ರಿ ಏರುತ್ತೆ, ಬೆರಳಿಟ್ರೂ ಗೊತ್ತಾಗಲ್ಲ. ಅದೇ 10 ಗ್ರಾಂ ಅಲ್ಯೂಮಿನಿಯಂ ಕರಗಿಸೋಕೆ 10.7 ಕಿಲೋಜೂಲ್ ಬೇಕು, ಐದು ಪಟ್ಟು.

ಯಾಕೆ ಅಂದ್ರೆ, ಶಾಖ ತೂಕ ನೋಡಲ್ಲ, ಪರಮಾಣು ಎಷ್ಟಿವೆ ಅಂತ ನೋಡುತ್ತೆ. 1819ರಲ್ಲೇ ಡ್ಯೂಲಾಂಗ್, ಪೆಟಿಟ್ ಅನ್ನೋ ಇಬ್ಬರು ಫ್ರೆಂಚರು ಹೇಳಿದ್ದು: ಹೆಚ್ಚುಕಮ್ಮಿ ಎಲ್ಲ ಗಟ್ಟಿ ಲೋಹಕ್ಕೂ ಪರಮಾಣು ಲೆಕ್ಕದಲ್ಲಿ ಶಾಖ ಹಿಡಿಯೋ ಶಕ್ತಿ ಒಂದೇ, ಒಂದು ಮೋಲ್‌ಗೆ (ಇಂತಿಷ್ಟೇ ಪರಮಾಣು ಅಂತ ಗೊತ್ತುಮಾಡಿರೋ ಎಣಿಕೆ) ಡಿಗ್ರಿಗೆ ಸುಮಾರು 25 ಜೂಲ್. ಅಲ್ಯೂಮಿನಿಯಂ ಒಂದು ಮೋಲ್ 27 ಗ್ರಾಂ, ಬಂಗಾರ 197 ಗ್ರಾಂ. 25ನ್ನ 27ರಿಂದ ಭಾಗಿಸಿ, 0.93. 197ರಿಂದ ಭಾಗಿಸಿ, 0.127. ಪುಸ್ತಕದ ನಂಬರ್ ಎಷ್ಟು ಹತ್ರ ಬಂತು ನೋಡಿ. ಅಂದ್ರೆ ಒಂದೇ ತೂಕ ತಗೊಂಡ್ರೆ ಬಂಗಾರದಲ್ಲಿ ಪರಮಾಣು ಏಳು ಪಟ್ಟು ಕಮ್ಮಿ.

ನಿಮ್ಮ ತಂದೆಯವರು ಊದ್ತಿದ್ದಿದ್ದು ಕಾವು ಏರಿಸೋಕೆ. 1064ಕ್ಕೆ ಹೋದ ಮೇಲೆ ಅದು ಸುಮ್ಮನೆ ಕೂರಲ್ಲ, ಬೆಳಕಾಗಿ ಶಾಖ ಹೊರಗೆ ಚೆಲ್ತಾನೇ ಇರುತ್ತೆ, 660ರಲ್ಲಿ ಇರೋದಕ್ಕಿಂತ ನಾಲ್ಕು ಪಟ್ಟು. ಅದನ್ನ ಮೀರಿಸಿ ಕೊಡಬೇಕು, ಒಂದೇ ಜಾಗಕ್ಕೆ ಕೊಡಬೇಕು. ಅಷ್ಟಕ್ಕೇ ಆ ಊದುಗೊಳವೆ.

ಪತ್ತಾರ_ಗಲ್ಲಿ
ಅಬ್ಬಾ. ಬಂಗಾರ ಕೊಳ್ಳೋಕೆ ಮಾತ್ರ ದುಬಾರಿ ಅಂತಾಯ್ತು.

ಬೀದರ್_ಕಡೆಯವ
ನಮ್ಮ ಬಿದ್ರಿ ಕೆಲಸದಾಗೂ ಹಿಂಗೇ ಅದ ನೋಡ್ರಿ. ಸತುವು 16 ಪಾಲು, ತಾಮ್ರ 1 ಪಾಲು ಹಾಕಿ ಎರಕ ಹೊಯ್ತಾರ. ಸತುವು 420ಕ್ಕೇ ಕರಗ್ತದ, ಗುಪ್ತೋಷ್ಣ 112. ಲೆಕ್ಕ ಹಾಕಿದ್ರ ಕೆಜಿಗೆ 266 ಕಿಲೋಜೂಲ್, ಅಲ್ಯೂಮಿನಿಯಂದು ಕಾಲು ಭಾಗ. ತಾಮ್ರ ಒಂದೇ ಕರಗಿಸಬೇಕಂದ್ರ 1085 ಬೇಕು, ಆದ್ರ ಕರಗಿದ ಸತುವಿನಾಗ ಹಾಕಿದ್ರ ಅಷ್ಟು ಕಾವು ಏನೂ ಬೇಡ, ಹಂಗೇ ಅದ್ರಾಗ ಸೇರಿ ಹೋಗ್ತದ. ಮುಂದ ಕಪ್ಪು ಬರ್ಲಿಕ್ಕೆ ಬೀದರ್ ಕೋಟೆ ಮಣ್ಣು, ಅದು ಬ್ಯಾರೆ ಮಾತು.

ಕುಲುಮೆಪ್ರಿಯ
ಈ ಮಿಶ್ರಲೋಹದ ಬಗ್ಗೆ ನಾನೂ ಕೇಳ್ಬೇಕು ಅಂತಿದ್ದೆ. ಒಂದ್ಸಲ ಗ್ಯಾರೇಜಿಂದ ಹಳೆ ಬೈಕ್ ಪಿಸ್ಟನ್ ತಂದು ಕರಗಿಸ್ದೆ. ಅವಾಗ ಮುಳ್ಳು 660ಕ್ಕೆ ಹೋಗೋ ಮೊದ್ಲೇ ಮೆತ್ತಗಾಗಿತ್ತು. 570–580 ಹತ್ರ ಎಳೆದಾಡ್ತಾ ಇತ್ತು. ಬೇಗ ಕರಗುತ್ತೆ, ಕರೆಂಟ್ ಉಳಿಯುತ್ತೆ ಅನ್ಕೊಂಡ್ರೆ ಮೀಟರ್‌ನಲ್ಲಿ ಏನೂ ದೊಡ್ಡ ವ್ಯತ್ಯಾಸ ಕಾಣ್ಲಿಲ್ಲ.

ಬಿಇ_ಮುಗ್ಸಿದೋನು
ಪಿಸ್ಟನ್ ಅಂದ್ರೆ ಅಲ್ಯೂಮಿನಿಯಂ-ಸಿಲಿಕಾನ್. 12 ಪರ್ಸೆಂಟ್ ಚಿಲ್ರೆ ಸಿಲಿಕಾನ್ ಇದ್ರೆ 577ಕ್ಕೇ ಕರಗುತ್ತೆ, ಅದಕ್ಕಿಂತ ಕಡಿಮೆಗೆ ಆ ಜೋಡಿ ಕರಗಲ್ಲ. ಪಿಸ್ಟನ್‌ನಲ್ಲಿ ತಾಮ್ರ, ಮೆಗ್ನೀಷಿಯಂ ಎಲ್ಲ ಇರುತ್ತೆ, ಅದಕ್ಕೇ ಮುಳ್ಳು ವೈರ್ ತರ ಒಂದೇ ಕಡೆ ನಿಲ್ಲದೆ ತೆವಳುತ್ತೆ. ಉಳಿತಾಯ ಯಾಕಿಲ್ಲ ಅಂದ್ರೆ ಸಿಲಿಕಾನಿನ ಗುಪ್ತೋಷ್ಣ ರಾಕ್ಷಸ, ಕೆಜಿಗೆ 1790 ಹತ್ರ. ಹಾಗಾಗಿ ಈ ಮಿಶ್ರಣದ್ದು 397 ಅಲ್ಲ, 500ಕ್ಕೂ ಮೇಲೆ. 80 ಡಿಗ್ರಿ ಮೊದ್ಲೇ ಕರಗಿ ಉಳಿಸಿದ್ದನ್ನ ಅಲ್ಲಿ ಕಿತ್ಕೊಳ್ಳುತ್ತೆ.

ಪಿಯುಸಿ_ಪೀಡಿತ
ಸರ್ ಇಲ್ಲೇ ಒಂದು ಕೇಳ್ಬಿಡ್ತೀನಿ ನಾಳೆ ಟೆಸ್ಟ್ ಇದೆ. ಮೈನಸ್ 10 ಡಿಗ್ರಿ ಇರೋ 2 ಕೆಜಿ ಐಸ್ 20 ಡಿಗ್ರಿ ನೀರಾಗೋಕೆ ಎಷ್ಟು ಶಾಖ? ನಂಗೆ 919 ಬರ್ತಿದೆ ಗೈಡಲ್ಲಿ 877 ಇದೆ

ಫಿಸಿಕ್ಸ್_ಮೇಷ್ಟ್ರು
ಐಸ್‌ಗೂ 4.18 ಹಾಕಿದೀಯ ಮಗಾ. ಐಸ್‌ದು 2.1. ಮೂರು ಭಾಗ ಮಾಡು: ಐಸ್ ಬಿಸಿ ಆಗೋಕೆ 2 × 2.1 × 10 = 42, ಕರಗೋಕೆ 2 × 334 = 668, ನೀರು ಬಿಸಿ ಆಗೋಕೆ 2 × 4.18 × 20 = 167. ಒಟ್ಟು 877. ಗೈಡ್ ಸರಿ ಇದೆ. ಗ್ರಾಂಗೆ ಕ್ಯಾಲೊರಿ ಅಂತ ಕೊಟ್ರೆ 80 ಹಾಕು, ಕೆಜಿ ಜೂಲ್ ಜೊತೆ ಬೆರಸ್ಬೇಡ, ಪ್ರತಿ ವರ್ಷ ಅರ್ಧ ಕ್ಲಾಸ್ ಅಲ್ಲೇ ಬೀಳುತ್ತೆ.

ಬಂದರಿನವ
ಐಸ್ ಅಂತ ಬಂತಲ್ಲ, ನಾನು ಮಲ್ಪೆಯಿಂದ. ನಮಗೆ ಬೋಟಿಗೆ ಐಸ್ ತುಂಬಿಸುವುದೇ ದೊಡ್ಡ ಲೆಕ್ಕ ಮಾರಾಯ್ರೆ. ಅಲ್ಲಿ ಎಲ್ಲ ತಿರುಗಾಮುರುಗಾ, ಕರಗಿಸುವುದು ನಾವಲ್ಲ, ಮೀನೇ ಕರಗಿಸುವುದು. ಮೀನಿನ ಸ್ಪೆಸಿಫಿಕ್ ಹೀಟ್ 3.6 ಅಂತ ಹಿಡಿಯಿರಿ, 30 ಡಿಗ್ರಿಯಿಂದ ಸೊನ್ನೆಗೆ ತರಲಿಕ್ಕೆ ಕೆಜಿಗೆ 108 ಕಿಲೋಜೂಲ್ ತೆಗೀಬೇಕು. 334ರಿಂದ ಭಾಗಿಸಿದ್ರೆ 320 ಗ್ರಾಂ ಐಸ್. ಆದ್ರೆ ಅಷ್ಟೇ ಹಾಕಿ ಹೋದವ ದಡಕ್ಕೆ ಗೊಬ್ಬರ ತರ್ತಾನೆ. ಸೆಕೆಗೆ, ಹೋಲ್ಡಿನ (ಬೋಟಿನಲ್ಲಿ ಮೀನು ತುಂಬುವ ಜಾಗ) ಗೋಡೆಗೆ, ಎಷ್ಟು ದಿವಸ ಹೊರಗೆ ಇರ್ತೇವೆ ಅದಕ್ಕೆ, ಎಲ್ಲ ಸೇರಿ ಮೀನಿಗೆ ಸರಿಸಮ ಐಸ್ ಬೇಕೇ ಬೇಕು. ಅಲ್ಲಿ ಇಟ್ಟಿಗೆ ಕುಡಿದದ್ದು ಇಲ್ಲಿ ಸೆಕೆ ಕುಡೀತದೆ, ಅಷ್ಟೇ.

ಸುಮ್ನೆ_ಓದೋನು
ಇನ್ನೂ ತಣ್ಣಗಿರೋ ಐಸ್ ತಗೊಂಡ್ರೆ ಕಮ್ಮಿ ಸಾಲಲ್ವಾ? ಮೈನಸ್ 10, ಮೈನಸ್ 15?

ಬಂದರಿನವ
ಇಲ್ಲ. ಮೇಲೆ ಮೇಷ್ಟ್ರು ಲೆಕ್ಕ ಮಾಡಿದ್ರಲ್ಲ ನೋಡಿ. ಮೈನಸ್ 10ರ ಐಸ್ ಜಾಸ್ತಿ ಕೊಡುವುದು 21, ಕರಗುವಾಗ ಕೊಡುವುದು 334. ತಂಪು ಇರುವುದು ಕರಗುವುದರಲ್ಲಿ. ಮತ್ತೆ ಬ್ಲಾಕನ್ನು ಪುಡಿ ಮಾಡಿಯೇ ಹಾಕಬೇಕು. ಒಟ್ಟು ಶಾಖ ಎರಡರಲ್ಲೂ ಒಂದೇ, ಆದ್ರೆ ಪುಡಿ ಮೀನಿಗೆ ಎಲ್ಲ ಕಡೆ ತಾಗ್ತದೆ, ಕರಗಿದ ನೀರು ಮೇಲಿನಿಂದ ಕೆಳಗೆ ಇಳೀತಾ ಮೀನಿನ ಮೈ ತೊಳೀತದೆ. ಬ್ಲಾಕ್ ಇಟ್ರೆ ಅದರ ಕೆಳಗಿನ ಬಂಗುಡೆ ಜಜ್ಜಿ ಹೋಗ್ತದೆ, ಬದಿಯದ್ದು ಬಿಸಿಯೇ ಉಳೀತದೆ.

ರಾತ್ರಿಪಾಳಿ
ವಿಷಯ ದಾರಿ ತಪ್ತಿದೆ ಆದ್ರೂ ಹೇಳ್ತೀನಿ, ಎಸಿಗೆ ಒಂದು ಟನ್ ಒಂದೂವರೆ ಟನ್ ಅಂತಾರಲ್ಲ ಅದೂ ಇದೇ ಲೆಕ್ಕನೇ. ಅಮೆರಿಕದ ಟನ್ನು, 907 ಕೆಜಿ ಐಸ್, 24 ಗಂಟೆಯಲ್ಲಿ ಕರಗಿದ್ರೆ ಎಷ್ಟು ಶಾಖ ಎಳ್ಕೊಳ್ಳುತ್ತೋ ಅಷ್ಟು. 907 × 334 ಭಾಗಿಸು 86400 ಸೆಕೆಂಡ್, 3.5 ಕಿಲೋವ್ಯಾಟ್.

ಗ್ಯಾಸೇ_ಗತಿ
ನಾನು ಇಷ್ಟು ದಿನ ಎಸಿ ತೂಕ ಅನ್ಕೊಂಡಿದ್ದೆ 😂

ಉದ್ಯಮಬಾಗ_ಫೌಂಡ್ರಿ
ಎಲ್ಲಾ ಖರೆ, ಆದ್ರ ಒಂದು ಮಾತು ಯಾರೂ ಹೇಳಿಲ್ಲ. @ಕುಲುಮೆಪ್ರಿಯ ಹೀಲ್ ಬಿಡ್ರಿ ಅಂತ ನಾನ ಹೇಳೇನಿ, ಅದಕ್ಕ ಎಚ್ಚರಿಕಿನೂ ನಾನ ಹೇಳಬೇಕು. ಕರಗಿದ ಲೋಹದೊಳಗ ಹಸಿ ಸ್ಕ್ರ್ಯಾಪ್ ಹಾಕಬ್ಯಾಡ್ರಿ. ಒಂದ ಹನಿ ನೀರು ಒಳಗ ಸಿಕ್ಕೊಂಡ್ರ ಉಗಿ ಆಗಿ ಸಾವಿರಾರು ಪಟ್ಟು ಹಿಗ್ಗತೈತಿ, ಲೋಹ ಮಾರಿಗೆ ಸಿಡೀತೈತಿ. ಗುಜರಿ ಮಾಲು ಮಳಿಯಾಗ ಬಿದ್ದಿರತೈತಿ, ಒಣಗಿದಂಗ ಕಾಣತೈತಿ, ಪೈಪಿನ ಒಳಗ ಸಂದ್ಯಾಗ ನೀರಿರತೈತಿ. ಎರಡೂ ಕಡೆ ಮುಚ್ಚಿದ ಡಬ್ಬಿ, ಸೀಲ್ ಇದ್ದ ಪೈಪ್ ಅಂತೂ ಮುಟ್ಟಬ್ಯಾಡ್ರಿ. ಫರ್ನೇಸಿನ ಮುಚ್ಚಳದ ಮ್ಯಾಲೆ ಇಟ್ಟು ಕಾಸಿ ಹಾಕ್ರಿ, ನೀರೂ ಹೋಗತೈತಿ, ಪುಕಟ್ಟೆ ಕಾವೂ ಸಿಗತೈತಿ, ನಿಮ್ಮ ಯೂನಿಟ್ಟೂ ಉಳೀತೈತಿ. ಎರಕ ಹೊಯ್ಯೂ ಜಾಗ ಬರೇ ಸಿಮೆಂಟ್ ನೆಲ ಇದ್ರ ಮ್ಯಾಲೆ ಒಣ ಉಸುಕು ಹರವ್ರಿ, ಕಾಂಕ್ರೀಟ್ ಒಳಗೂ ನೀರಿನಂಶ ಇರತೈತಿ, ಚಟ್ ಅಂತ ಸಿಡೀತೈತಿ. ಚಪ್ಪಲಿ ಹಾಕ್ಕೊಂಡು ನಿಂದ್ರಬ್ಯಾಡ್ರಿ.

ಪತ್ತಾರ_ಗಲ್ಲಿ
+1. ಲುಂಗಿ ಉಟ್ಕೊಂಡು ಎರಕ ಹೊಯ್ಯೋ ವಿಡಿಯೋ ನೋಡಿದ್ರೆ ಎದೆ ಧಸಕ್ ಅನ್ನುತ್ತೆ.

ಕುಲುಮೆಪ್ರಿಯ
ಅಣ್ಣಾವ್ರೇ ಇವತ್ತು ನೀವು ಹೇಳಿದ ಹಾಗೆ ಮಾಡ್ದೆ. ವೈರನ್ನ ಮುಚ್ಚಳದ ಮೇಲೆ ಕಾಸಿ, ಮೊದಲನೇ ಹೀಟ್ ಹೊಯ್ದ ತಕ್ಷಣ ಎರಡನೇ 5 ಕೆಜಿ ಹಾಕ್ದೆ. ಎರಡನೇದಕ್ಕೆ ಮೀಟರ್ 2.4 ಯೂನಿಟ್, ಟೈಮ್ 50 ನಿಮಿಷದೊಳಗೆ. ಕಸ್ಟಮರ್‌ಗೆ ಒಂದೊಂದೇ ಪೀಸ್ ಆರ್ಡರ್ ತಗೊಳಲ್ಲ, ಒಟ್ಟಿಗೆ ಕೊಟ್ರೆ ಮಾತ್ರ ಆ ರೇಟ್ ಅಂತ ಹೇಳ್ತೀನಿ.

ಬಿಇ_ಮುಗ್ಸಿದೋನು
2.4ರಲ್ಲಿ 1.58 ಲೋಹಕ್ಕೆ. ನೂರಕ್ಕೆ 66. ಮಸ್ತ್. ಆದ್ರೆ ವೈರ್ ಎಷ್ಟು ಡಿಗ್ರಿಗೆ ಕಾದಿತ್ತು ನೋಡಿದ್ರಾ? ಅದು ಆಗ್ಲೇ 150 ಆಗಿದ್ರೆ ಲೋಹದ ಪಾಲು ಇನ್ನೂ ಕಮ್ಮಿ, ಈ 66 ಅನ್ನೋದು ಸುಳ್ಳು.

ರಾತ್ರಿಪಾಳಿ
ಬಿಡಲ್ಲ ಇವ್ನು.

ಕುಲುಮೆಪ್ರಿಯ
ನೋಡಿಲ್ಲ ಸರ್, ಮುಂದಿನ ಸಲ ಅಳೀತೀನಿ. ಮೇಲೆ ಬೂದು ಬಣ್ಣದ ಕಿಟ್ಟ ತುಂಬಾ ಬರ್ತಿದೆ, ತೂಗಿದ್ರೆ ಕಾಲು ಕೆಜಿ ಇದೆ. ಅದನ್ನ ಎತ್ತಿ ಬಿಸಾಕೋದಾ ಅಥವಾ ಮತ್ತೆ ಕರಗಿಸಬಹುದಾ?

ಉದ್ಯಮಬಾಗ_ಫೌಂಡ್ರಿ
ಅದರಾಗ ಚಲೋ ಅಲ್ಯೂಮಿನಿಯಂ ಸಿಕ್ಕೊಂಡಿರತೈತ್ರಿ. ಫ್ಲಕ್ಸ್ (ಕಿಟ್ಟದಿಂದ ಲೋಹ ಬಿಡಸೂ ಉಪ್ಪಿನ ಪುಡಿ) ಹಾಕಿದ್ರ ಬಿಡತೈತಿ. ಸಪ್ರೇಟ್ ಪೋಸ್ಟ್ ಹಾಕ್ರಿ, ಫೋಟೋ ಸಮೇತ, ಹೇಳ್ತೇನಿ.